ಗಾಜಿನ ಮೇಲಿನ ಏಳರ ಐದು

ಕಮಿನೊತಾನಿಯ ಅಜ್ಜಿಯರು ಬುಧವಾರ ಹಲ್ಲು ಕೀಳಿಸುವುದಿಲ್ಲ, ಕೂದಲು ಗುಂಗುರು ಮಾಡಿಸುವುದಿಲ್ಲ, ಸಾಯುವುದೂ ಇಲ್ಲ ಎಂದು ಕೆಳಗಿನ ಪೇಟೆಯವರು ತಮಾಷೆ ಮಾಡುತ್ತಾರೆ. ಬುಧವಾರ ಅಲ್ಲಿಗೆ ಅಂಗಡಿ ಬರುತ್ತದೆ. ಹೊಳೆಯ ಸೇತುವೆ ದಾಟಿ, ಸೀಡರ್ ಮರಗಳ ನಡುವೆ ಸುತ್ತಿ ಸುತ್ತಿ ಹತ್ತುವ ದಾರಿಯಲ್ಲಿ ಪುಟ್ಟ ಬಿಳಿ ಟ್ರಕ್ಕೊಂದು ಏದುಸಿರು ಬಿಡುತ್ತ ಬಂದು, ಊರಿನ ಸಭಾಮನೆಯ ಮುಂದೆ ನಿಂತು ಪಕ್ಕದ ಬಾಗಿಲನ್ನು ಮೇಲಕ್ಕೆತ್ತಿದರೆ ಅಂಗಡಿ ತೆರೆಯಿತು ಎಂದು ಲೆಕ್ಕ. ತೋಫು, ಬಂಗಡೆ, ಮೊಟ್ಟೆ, ಸಾರಿನ ಮಿಸೊ, ಬಾಳೆಹಣ್ಣು, ಸೊಳ್ಳೆಬತ್ತಿ, ಮನೆಯ ದೇವರ ಮುಂದಿಡುವ ಹೂವು. ಆ ಬೆಟ್ಟದ ಮೇಲೆ ಈಗ ಗಾಡಿ ಓಡಿಸುವವರು ಯಾರೂ ಉಳಿದಿಲ್ಲ. ವಯಸ್ಸಾಯಿತೆಂದು ಎಲ್ಲರೂ ಲೈಸೆನ್ಸನ್ನು ವಾಪಸು ಕೊಟ್ಟಿದ್ದಾರೆ. ಹಾಗಾಗಿ ಬುಧವಾರ ಟ್ರಕ್ಕು ಬಂದರೆ ಅಡುಗೆ, ಇಲ್ಲದಿದ್ದರೆ ಗಂಜಿ.

ಟ್ರಕ್ಕು ತೊಕುಜಿಯದು. ಅವನು ಮಾತಿನ ಮಲ್ಲ. ತೋಫು ಮಾರುವುದಕ್ಕಿಂತ ಹರಟೆ ಮಾರಿದ್ದೇ ಹೆಚ್ಚು ಎಂದು ಹೆಂಡತಿ ಇಕುಯೊ ಬೈಯುತ್ತಿದ್ದಳು. ಎರಡು ವರ್ಷಕ್ಕೊಮ್ಮೆ ಟ್ರಕ್ಕಿನ ತಪಾಸಣೆ ಮುಗಿಸಿ, ಮುಂದಿನ ಗಾಜಿನ ನಡುವೆ, ಮೇಲ್ಗಡೆ, ಹೊಸ ಸ್ಟಿಕ್ಕರು ಅಂಟಿಸಿಕೊಂಡು ಅವನು ಬಂದ ದಿನ ಕಮಿನೊತಾನಿಯಲ್ಲಿ ಒಂದು ಸಣ್ಣ ಹಬ್ಬವೇ. ಅಂಗೈಯೊಳಗೆ ಅಡಗುವಷ್ಟು ಚಿಕ್ಕ ಚೀಟಿ ಅದು. ತಪಾಸಣೆಯ ಅವಧಿ ಯಾವ ವರ್ಷದ ಯಾವ ತಿಂಗಳಿಗೆ ಮುಗಿಯುತ್ತದೆ ಎನ್ನುವ ಎರಡು ಅಂಕಿ ಅದರ ಮೇಲೆ. ವರ್ಷದ ಎಣಿಕೆ ಈಗಿನ ಚಕ್ರವರ್ತಿ ಪಟ್ಟಕ್ಕೆ ಬಂದಲ್ಲಿಂದ. ತೊಕುಜಿ ಅಜ್ಜಿಯರನ್ನೆಲ್ಲ ಗಾಜಿನ ಮುಂದೆ ಸಾಲಾಗಿ ನಿಲ್ಲಿಸುತ್ತಿದ್ದ.

"ಓದ್ಕೊಳಿ ಎಲ್ಲಾರೂ. ಏಳರ ಐದು. ಏಳನೇ ವರ್ಷ, ಐದನೇ ತಿಂಗಳು. ಅಲ್ಲೀವರ್ಗೂ ಈ ಗಾಡಿ ಕೈ ಕೊಡಲ್ಲ, ನಾನೂ ಬರೋದು ತಪ್ಪಿಸಲ್ಲ. ಈಗ ನಿಮ್ಮ ನಿಮ್ಮ ಎಂಜಿನ್ನಿನ ಕತೆ ಹೇಳಿ. ಆಸ್ಪತ್ರೆ ಚೀಟಿ ಎಲ್ಲಿ? ಚೀಟಿ ಇಲ್ದೋರಿಗೆ ತೋಫು ಇಲ್ಲ."

ಅಜ್ಜಿಯರು ನಗುತ್ತ ಬೈಯುತ್ತ ಮನೆಗೆ ಹೋಗಿ, ಊರಿನ ಆರೋಗ್ಯ ತಪಾಸಣೆಯ ಚೀಟಿಯನ್ನು ನಿಜಕ್ಕೂ ತಂದು ತೋರಿಸುತ್ತಿದ್ದರು. ಎಲ್ಲರಿಗಿಂತ ಹಿರಿಯಳಾದ ಮಸಾನೊ ಅಜ್ಜಿಗೆ ಈಗ ತೊಂಬತ್ತೊಂದು. ಗಂಡನಿಗೆ, ದೊರೆಗೆ, ಭೂಕಂಪಕ್ಕೆ ಯಾರಿಗೂ ಬಗ್ಗದ ಆ ಮುದುಕಿ ತೊಕುಜಿಯ ಮಾತಿಗೆ ಮಾತ್ರ ಬಗ್ಗಿ ರಕ್ತ ಕೊಟ್ಟು ಬರುತ್ತಿದ್ದಳು.

ಇಷ್ಟೆಲ್ಲ ಉಪದೇಶ ಮಾಡುತ್ತಿದ್ದ ತೊಕುಜಿ ತನ್ನ ಎದೆಯನ್ನು ಯಾವ ವೈದ್ಯನಿಗೂ ತೋರಿಸಲಿಲ್ಲ. ಟ್ರಕ್ಕಿನ ಬ್ರೇಕಿಗೆ ತಿಂಗಳು ತಿಂಗಳು ಕೈ ಹಚ್ಚಿ ನೋಡುವವನಿಗೆ ತನ್ನೊಳಗೆ ಏನು ಸವೆಯುತ್ತಿದೆ ಎಂದು ನೋಡುವ ಪುರುಸೊತ್ತಿರಲಿಲ್ಲ. ಹೋದ ಶರತ್ಕಾಲದಲ್ಲಿ, ಬೆಳಗಿನ ಹೊತ್ತು ಮೀನಿನ ಪೆಟ್ಟಿಗೆ ಎತ್ತುತ್ತಿದ್ದವನು ಕುಸಿದು ಕುಳಿತ, ಮತ್ತೆ ಏಳಲಿಲ್ಲ. ಗಂಡಸರ ಬುದ್ಧಿಯೇ ಇಷ್ಟು ಎಂದು ಇಕುಯೊ ಅತ್ತಳು, ಬೈದಳು, ಮತ್ತೆ ಅತ್ತಳು. ನಲವತ್ತೊಂಬತ್ತನೆಯ ದಿನದ ಪೂಜೆ ಮುಗಿದ ಮೇಲೆ ಅವನ ಏಪ್ರನ್ನನ್ನು ಮೊಣಕಾಲಿನ ಹತ್ತಿರ ಮಡಿಸಿ ಹೊಲಿದು, ಕಟ್ಟಿಕೊಂಡು, ಟ್ರಕ್ಕು ಹತ್ತಿದಳು.

ಅವಳಿಗೆ ಮಾತು ಬಾರದು. ಗಂಡ ಮಾತಾಡುತ್ತಿದ್ದಾಗ ಹಿಂದೆ ನಿಂತು ಸಾಮಾನು ಚೀಲಕ್ಕೆ ತುಂಬಿ ಅಭ್ಯಾಸ. ಆದರೂ ಚಳಿಗಾಲ ಪೂರ್ತಿ ಮಂಜು ಬಿದ್ದ ದಾರಿಯಲ್ಲಿ ಎರಡೂ ಕೈಯಿಂದ ಸ್ಟಿಯರಿಂಗ್ ಹಿಡಿದು, ಒಂದು ಬುಧವಾರವನ್ನೂ ತಪ್ಪಿಸದೆ ಹತ್ತಿದಳು. ಅಜ್ಜಿಯರು ಮೊದಮೊದಲು ಅವಳ ಸುತ್ತ ಸುಮ್ಮನೆ ನಿಂತರು. ಆಮೇಲೆ ಅವರೇ ಮಾತಾಡತೊಡಗಿದರು, ಅವಳು ಕೇಳಿಸಿಕೊಳ್ಳತೊಡಗಿದಳು. ವಸಂತದ ಹೊತ್ತಿಗೆ ಬುಧವಾರದ ಹರಟೆ ಮತ್ತೆ ಒಂದು ಗಂಟೆಗೆ ಬಂದು ನಿಂತಿತ್ತು. ಗಂಡ ಹೋದ ಮೇಲೆ ಅವಳು ಉಸಿರಾಡುತ್ತಿದ್ದದ್ದೇ ಆ ಒಂದು ಗಂಟೆಯಲ್ಲಿ ಎಂದರೆ ಸುಳ್ಳಲ್ಲ.

ಮೇ ತಿಂಗಳಲ್ಲಿ ತಪಾಸಣೆಯ ಅವಧಿ ಮುಗಿಯಬೇಕಿತ್ತು. ಮುಗಿಯುವ ಮೊದಲೇ ಇಕುಯೊ ಟ್ರಕ್ಕನ್ನು ಹೊಳೆ ದಂಡೆಯ ನಿಶಿಮೊರಿಯ ಗ್ಯಾರೇಜಿಗೆ ತಂದಳು. ನಿಶಿಮೊರಿಗೆ ಸರ್ಕಾರದ ಪರವಾಗಿ ತಾನೇ ತಪಾಸಣೆ ಮಾಡುವ ಅಧಿಕಾರವಿದೆ, ಮತ್ತು ಆ ಅಧಿಕಾರದ ಭಾರ ಅವನ ಮುಖದ ಮೇಲೆ ಸದಾ ಕೂತಿರುತ್ತದೆ. ಸ್ವಂತ ತಮ್ಮನ ಕಾರನ್ನೇ ಸವೆದ ಟೈರಿಗಾಗಿ ಮೂರು ಸಲ ವಾಪಸು ಕಳಿಸಿದ ಆಸಾಮಿ. ಜನ ಬೈಯುತ್ತಾರೆ, ಆದರೆ ಬೈದವರೂ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿಯನ್ನು ಅವನ ಹತ್ತಿರವೇ ತರುತ್ತಾರೆ.

ಅವನು ಕೆಲಸ ಮಾಡುವುದನ್ನು ನೋಡಬೇಕು. ಟ್ರಕ್ಕನ್ನು ಮೇಲಕ್ಕೆತ್ತಿ, ಕೆಳಗೆ ನಿಂತು, ಪುಟ್ಟ ಸುತ್ತಿಗೆಯಿಂದ ಒಂದೊಂದು ಬೋಲ್ಟನ್ನೂ ತಟ್ಟುತ್ತ, ತಲೆ ವಾರೆ ಮಾಡಿ ಸದ್ದು ಕೇಳುತ್ತಾನೆ. ಬಿಗಿಯಾದದ್ದು ಒಂದು ದನಿಯಲ್ಲಿ ನುಡಿಯುತ್ತದೆ, ಸಡಿಲವಾದದ್ದು ಇನ್ನೊಂದರಲ್ಲಿ. ತಟ್ಟಿದ್ದನ್ನು, ಅಳೆದದ್ದನ್ನು, ಬದಲಿಸಿದ್ದನ್ನು ಆಗಿಂದಾಗಲೇ ತಪಾಸಣೆ ಪುಸ್ತಕದಲ್ಲಿ ಬರೆಯುತ್ತಾನೆ. ಮನೆಗೆ ಹೋಗಿ ಬರೆದರಾಯಿತು ಎನ್ನುವ ಜಾತಿಯವನಲ್ಲ. ತೊಕುಜಿ ಆ ಪುಸ್ತಕವನ್ನು ಪ್ಲಾಸ್ಟಿಕ್ ಹೊದಿಕೆ ಹಾಕಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ. ಟ್ರಕ್ಕು ಹೊಸದಾಗಿ ಬಂದ ದಿನದಿಂದ ಒಂದು ಪುಟವೂ ಖಾಲಿಯಿಲ್ಲ. ಮನೆಯಲ್ಲಿ ಮದುವೆಯ ಫೋಟೋ ಎಲ್ಲಿದೆ ಎಂದು ಕೇಳಿದರೆ ತಡಕಾಡುತ್ತಿದ್ದ ಗಂಡ ಬ್ರೇಕಿನ ಎಣ್ಣೆ ಬದಲಿಸಿದ ದಿನವನ್ನು ಕಣ್ಣು ಮುಚ್ಚಿ ಹೇಳುತ್ತಿದ್ದ. ಅಂಥ ದಾರಿಯಲ್ಲಿ ಬ್ರೇಕು ಎಂದರೆ ದೇವರ ಸಮಾನ, ಅದು ಅವನಿಗೆ ಗೊತ್ತಿತ್ತು.

ಎಲ್ಲ ಸರಿಹೋಯಿತು. ಕಾಗದಪತ್ರದ ಜೊತೆ ಹೊಸ ಸ್ಟಿಕ್ಕರು ಬಂದ ದಿನ ನಿಶಿಮೊರಿ ಅವಳನ್ನು ಕರೆಸಿ, ಹಳೆಯದನ್ನು ತೆಗೆಯಲು ಪ್ಲಾಸ್ಟಿಕ್ಕಿನ ಕೆರೆಯುವ ಪಟ್ಟಿ ಹಿಡಿದು ಗಾಜಿನ ಹತ್ತಿರ ಬಂದ. ಇಕುಯೊ ಯೋಚಿಸದೆ ಗಾಜಿನ ಮೇಲೆ ಕೈ ಇಟ್ಟಳು.

"ಅದನ್ನ ಕೆರೀಬೇಡ ಅಣ್ಣ."

"ಯಾಕೆ? ಅವಧಿ ಮುಗೀತಲ್ಲ."

"ನಾನೇ ಕೆರೀತೀನಿ. ಮನೇಲಿ."

ನಿಶಿಮೊರಿ ಹಳೆಯ ಸ್ಟಿಕ್ಕರನ್ನು ನೋಡಿದ. ಅದು ಒಂದು ಕಡೆಗೆ ವಾಲಿ ಅಂಟಿತ್ತು, ನಡುವೆ ಗಾಳಿಯ ಗುಳ್ಳೆಯೊಂದು ಉಳಿದಿತ್ತು. ತನ್ನ ಗ್ಯಾರೇಜಿನಲ್ಲಿ ಯಾರೂ ಹಾಗೆ ಅಂಟಿಸುವುದಿಲ್ಲ; ಅದನ್ನು ಅಂಟಿಸಿದ ಕೈ ಯಾವುದೆಂದು ಅವನಿಗೆ ತಿಳಿಯಿತು. ಹಳೆಯ ಸ್ಟಿಕ್ಕರಿನ ಸಮೇತ ಒಂದು ಗಾಡಿಯನ್ನೂ ಬಾಗಿಲು ದಾಟಿಸದ ಮನುಷ್ಯ ಕೆರೆಯುವ ಪಟ್ಟಿಯನ್ನು ಅವಳ ಕೈಗೆ ಕೊಟ್ಟ.

"ಇವತ್ತೇ ತೆಗೀಬೇಕು ತಂಗೀ. ಬಿಸಿನೀರಿನ ಬಟ್ಟೆ ಒತ್ತು, ಮೆತ್ತಗಾಗತ್ತೆ. ಹೊಸದನ್ನ ಆ ಜಾಗದಲ್ಲಿ ಅಂಟಿಸ್ಬೇಡ ಮತ್ತೆ. ರೂಲ್ಸು ಬದಲಾಗಿದೆ. ಈಗ ನಡುವೆ ಅಲ್ಲ, ಓಡಿಸೋರ ಕಡೆ ಮೇಲಿನ ಮೂಲೆ."

"ಅಲ್ಲಿ ಯಾಕೆ?"

"ಓಡಿಸೋರ ಕಣ್ಣಿಗೇ ಕುಕ್ಕಲಿ ಅಂತ. ತಾರೀಖು ಮರೆತೆ ಅನ್ನೋರ ಕಾಟ ತಪ್ಪಲಿ ಅಂತ."

ಮನೆಯ ಮುಂದೆ ಟ್ರಕ್ಕು ನಿಲ್ಲಿಸಿ ಇಕುಯೊ ಹೊಸದನ್ನು ಬಲಗಡೆಯ ಮೂಲೆಯಲ್ಲಿ ನೆಟ್ಟಗೆ ಅಂಟಿಸಿದಳು. ಒಂಬತ್ತರ ಐದು. ಆಮೇಲೆ ಬಿಸಿನೀರು ತಂದಳು, ಬಟ್ಟೆ ಹಿಂಡಿದಳು, ಕೆರೆಯುವ ಪಟ್ಟಿ ಹಿಡಿದಳು. ತೊಕುಜಿ ಅದನ್ನು ಅಂಟಿಸಿದ ದಿನ ಅವಳು ಪಕ್ಕದಲ್ಲೇ ಕೂತಿದ್ದಳು. ಮೀನು ತೊಳೆದ ಒದ್ದೆ ಕೈಯಲ್ಲೇ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿದ್ದ. ಸೊಟ್ಟ ಆಯ್ತಲ್ರೀ, ಥೇಟ್ ನಿಮ್ಮ ಹಾಗೇ ಎಂದು ಅವಳು ರೇಗಿಸಿದ್ದಳು. ಸೊಟ್ಟ ಇದ್ರೇನು, ಗಟ್ಟಿ ಇದೀನಿ ನೋಡು ಎಂದು ಅವನು ಎದೆ ತಟ್ಟಿಕೊಂಡಿದ್ದ. ಬಟ್ಟೆ ತಣ್ಣಗಾಯಿತು. ನಾಳೆ ನೋಡೋಣ ಎಂದು ಅವಳು ಕೆರೆಯುವ ಪಟ್ಟಿಯನ್ನು ಟ್ರಕ್ಕಿನ ಬಾಗಿಲಿನ ಜೇಬಿಗೆ ತುರುಕಿದಳು. ನಾಳೆ ಎಂದವರ ಮನೆ ಹಾಳು ಎನ್ನುತ್ತಾರಲ್ಲ, ಹಾಗೇ ಆಯಿತು. ಜೂನ್ ಬಂದರೂ ಗಾಜಿನ ಮೇಲೆ ಎರಡೂ ಇದ್ದವು.

ಮಳೆಗಾಲ ಹಿಡಿದ ಹೊತ್ತಿಗೆ ಕಮಿನೊತಾನಿಯ ನಡವಳಿಕೆ ಬದಲಾಯಿತು. ಒಂದು ಬುಧವಾರ ಅವಳು ಟ್ರಕ್ಕು ನಿಲ್ಲಿಸಿ ಇಳಿಯುವಷ್ಟರಲ್ಲೇ ಮಸಾನೊ ಅಜ್ಜಿ ತನ್ನ ತಳ್ಳುಗಾಡಿ ತಳ್ಳಿಕೊಂಡು ಎದುರು ಬಂದಳು.

"ಇಲ್ಲಿ ಬೇಡ ಮಗಳೇ. ದೇವಸ್ಥಾನದ ಸೌದೆ ಕೊಟ್ಟಿಗೆ ಹಿಂದೆ ನಿಲ್ಸು. ಮೂತಿ ಗೋಡೆ ಕಡೆಗಿರ್ಲಿ."

"ಯಾಕಜ್ಜಿ? ಇಲ್ಲೇ ಚೆನ್ನಾಗಿತ್ತಲ್ಲ."

"ಬಿಸಿಲು. ಮೀನು ಕೆಡತ್ತೆ."

ಮಳೆ ಧೋ ಎಂದು ಸುರಿಯುತ್ತಿತ್ತು. ಇಕುಯೊ ಮುಖ ನೋಡಿದಳು, ಅಜ್ಜಿಯ ಮುಖದಲ್ಲಿ ಏನೂ ಕಾಣಲಿಲ್ಲ. ಕೊಟ್ಟಿಗೆಯ ಹಿಂದೆ ಹೋದರೆ ಉಳಿದವರೆಲ್ಲ ಆಗಲೇ ಅಲ್ಲಿ ಸಾಲಾಗಿ ಕಾದಿದ್ದರು. ಬೇಕಾದದ್ದನ್ನು ಮೊದಲೇ ನೆನಪಿಟ್ಟುಕೊಂಡು ಬಂದವರಂತೆ ತೋಫು, ಮೊಟ್ಟೆ, ಮೀನು ಎಂದು ಪಟಪಟ ಹೇಳಿದರು, ತೆಗೆದುಕೊಂಡರು, ಕೊಟ್ಟರು. ಮೊಣಕಾಲಿನ ನೋವಿನ ಮಾತಿಲ್ಲ, ಸೊಸೆಯ ಮೇಲಿನ ದೂರಿಲ್ಲ.

"ಆಯ್ತಲ್ಲ, ಹೊರಡು ಮಗಳೇ, ಬೇಗ ಹೊರಡು," ಎಂದಳು ಹರುಎ. ಅವಳು ದಾರಿಯ ಬದಿಯ ಮನೆಯವಳು, ಮಸಾನೊಗಿಂತ ಹತ್ತು ವರ್ಷ ಚಿಕ್ಕವಳು, ಮಾತಿನಲ್ಲಿ ಹತ್ತು ಪಟ್ಟು ದೊಡ್ಡವಳು. ಹರುಎಯ ಬಾಯಿಂದ ಹೊರಡು ಎನ್ನುವ ಮಾತನ್ನು ಯಾರೂ ಯಾವತ್ತೂ ಕೇಳಿರಲಿಲ್ಲ.

ಮುಂದಿನ ಬುಧವಾರವೂ ಹಾಗೇ, ಅದರ ಮುಂದಿನದೂ ಹಾಗೇ. ಹಿಂದೆ ಎರಡು ತೋಫು ಒಯ್ಯುತ್ತಿದ್ದವರು ಒಂದು ಒಯ್ಯತೊಡಗಿದರು. ಅಲ್ಲಿಯವರೆಗೆ ಮನೆಯ ಮುಂದೆಯೇ ಸಾಮಾನು ಕೊಳ್ಳುತ್ತಿದ್ದ ಮೇಲಿನ ತಿರುವಿನ ಇಬ್ಬರು, ನೀನು ನಮ್ಮನೆ ತನಕ ಹತ್ತಬೇಡ, ನಾವೇ ಇಳಿದು ಬರುತ್ತೇವೆ ಎಂದರು. ಮೊಣಕಾಲು ಹಿಡಿದುಕೊಂಡು, ಕೋಲೂರಿಕೊಂಡು ನಿಜವಾಗಿಯೂ ಇಳಿದು ಬಂದರು. ಹೋಗುವಾಗ ಇಕುಯೊ ಕಂಡದ್ದು ಇನ್ನೊಂದು: ಹರುಎಯ ಜಗಲಿಯ ಮುಂದೆ ಪೊಲೀಸು ಚೌಕಿಯ ಸ್ಕೂಟರು. ಹೋದ ವರ್ಷ ಕರಾವಳಿಯಿಂದ ವರ್ಗವಾಗಿ ಬಂದ ಒಕಾಬಯಾಶಿ ಎನ್ನುವ ಯುವಕ ಪೊಲೀಸ, ಶೂ ಬಿಚ್ಚಿ ಜಗಲಿಯಲ್ಲಿ ಕೂತು ಟೀ ಕುಡಿಯುತ್ತಿದ್ದ. ಅವನ ಸುತ್ತ ಇಬ್ಬರು ಅಜ್ಜಿಯರು, ನಡುವೆ ಉಪ್ಪಿನಕಾಯಿಯ ತಟ್ಟೆ. ನಿನ್ನೆ ಮೊನ್ನೆ ಬಂದವನಿಗೆ ಟೀ ಉಂಟು, ಮಾತುಂಟು. ತನಗೆ ಮಾತ್ರ ಬೇಗ ಹೊರಡು.

ಇಕುಯೊಗೆ ಅರ್ಥವಾಗಿಹೋಯಿತು, ಅಥವಾ ಅರ್ಥವಾಯಿತು ಎಂದುಕೊಂಡಳು. ಅವರಿಗೆ ಬೇಕಾಗಿದ್ದದ್ದು ತೊಕುಜಿಯ ಮಾತು. ತೋಫು ಬರೀ ನೆಪ. ಒಂದು ಚಳಿಗಾಲ ಅಯ್ಯೋ ಪಾಪ ಎಂದು ಸಹಿಸಿಕೊಂಡರು, ಈಗ ಸಾಕಾಗಿದೆ. ಕೊಟ್ಟಿಗೆಯ ಹಿಂದೆ ಕದ್ದು ಕೊಳ್ಳುತ್ತಾರೆಂದರೆ ಪೇಟೆಯ ದೊಡ್ಡ ಅಂಗಡಿಯಿಂದ ಮನೆಬಾಗಿಲಿಗೆ ತರಿಸಿಕೊಳ್ಳುವ ಮಾತುಕತೆಯೂ ಆಗಿರಬೇಕು. ಇಷ್ಟು ವರ್ಷದ ಮರ್ಯಾದೆಗೆ ಬಾಯಿಬಿಟ್ಟು ಹೇಳುತ್ತಿಲ್ಲ ಅಷ್ಟೇ. ಬೇಡ ಎಂದು ಹೇಳುವ ಕಷ್ಟವನ್ನು ಮುದುಕಿಯರ ಮೇಲೆ ಹಾಕುವುದಕ್ಕಿಂತ ತಾನೇ ನಿಲ್ಲಿಸುವುದು ಮೇಲು.

ಜುಲೈ ಕೊನೆಗೆ ಅವಳು ನಿಶಿಮೊರಿಗೆ ಫೋನು ಮಾಡಿದಳು.

"ಅಣ್ಣ, ಬೊನ್ ಹಬ್ಬ ಮುಗಿದ ಮೇಲೆ ಗಾಡಿ ಮಾರ್ತೀನಿ. ಯಾರಾದ್ರೂ ಇದ್ರೆ ನೋಡು."

ಆ ಕಡೆ ನಿಶಿಮೊರಿ ಸುತ್ತಿಗೆ ಕೆಳಗಿಟ್ಟ ಸದ್ದಾಯಿತು. "ಈಗಷ್ಟೇ ಎರಡು ವರ್ಷಕ್ಕೆ ಗಟ್ಟಿ ಮಾಡಿ ಕೊಟ್ಟಿದೀನಲ್ಲ ತಂಗೀ. ಯಾಕೆ?"

"ಗಾಡಿ ಗಟ್ಟಿಯಾಗೇ ಇದೆ. ಕೊಳ್ಳೋರಿಗೆ ನಾನು ಬೇಡವಾಗಿದೀನಿ."

"ಹಾಗಂತ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ."

"ಸರಿ, ಹಬ್ಬ ಆಗ್ಲಿ," ಎಂದು ಅವನು ಫೋನಿಟ್ಟ. ತೊಕುಜಿ ಸತ್ತ ಮೇಲಿನ ಮೊದಲ ಬೊನ್ ಹಬ್ಬ ಅದು. ಸತ್ತವರು ಮನೆಗೆ ಬಂದು ಹೋಗುವ ದಿನಗಳು. ಗಾಡಿ ಮಾರಿದೆ ಎಂದು ಗಂಡನಿಗೆ ಎದುರೆದುರೇ ಹೇಳಿ ಕಳಿಸೋಣ ಎಂದು ಇಕುಯೊ ಮನಸ್ಸು ಗಟ್ಟಿ ಮಾಡಿಕೊಂಡಳು.

ಹಬ್ಬದ ಹಿಂದಿನ ಬುಧವಾರ ಹೂವಿನ ಕೊಂಬೆ, ಹಣತೆ, ಕಲ್ಲಂಗಡಿ ಎಂದು ಟ್ರಕ್ಕಿನ ತುಂಬ ಸಾಮಾನು. ಸುತ್ತಲಿನ ಹಳ್ಳಿಗಳಿಗೂ ಕೊಡಬೇಕಾದ್ದರಿಂದ ಇಕುಯೊ ದಿನಕ್ಕಿಂತ ಒಂದು ಗಂಟೆ ಮೊದಲೇ ಸೇತುವೆ ದಾಟಿದಳು. ದೇವಸ್ಥಾನದ ಕೆಳಗಿನ ತಿರುವಿನಲ್ಲಿ ಒಕಾಬಯಾಶಿಯ ಸ್ಕೂಟರು ಮುಂದೆ ಹೋಗುತ್ತಿತ್ತು. ಕನ್ನಡಿಯಲ್ಲಿ ಅವಳನ್ನು ಕಂಡದ್ದೇ ಅವನು ಬದಿಗೆ ನಿಂತು, ಕೈ ಎತ್ತಿ ಟ್ರಕ್ಕು ನಿಲ್ಲಿಸಿದ.

"ಅಮ್ಮಾ, ಒಂದು ನಿಮಿಷ. ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು ಅಂತ ಮಳೆಗಾಲದಿಂದ ಕಾಯ್ತಿದೀನಿ, ಆಗ್ತಾನೇ ಇಲ್ಲ."

"ಏನಪ್ಪ?"

ಅವನು ಬಾಯಿ ತೆರೆಯುವಷ್ಟರಲ್ಲಿ ಮೇಲಿನಿಂದ ಕಲ್ಲು ಉರುಳಿದಂತೆ ಗಡಗಡ ಸದ್ದು. ಮಸಾನೊ ಅಜ್ಜಿ ತಳ್ಳುಗಾಡಿಯನ್ನು ಇಳಿಜಾರಿಗೆ ಬಿಟ್ಟುಕೊಂಡು ಅದರ ಹಿಂದೆ ಧಾವಿಸಿ ಬರುತ್ತಿದ್ದಳು. ಅವಳ ಹಿಂದೆ ಏಪ್ರನ್ನು ಕಟ್ಟಿಕೊಂಡೇ ಹರುಎ, ಕೈಯಲ್ಲಿ ಟೀ ಕೆಟಲು. ಅವಳ ಹಿಂದೆ ಕೋಲು ಹಿಡಿದ ಇನ್ನಿಬ್ಬರು. ಅಷ್ಟು ವೇಗದಲ್ಲಿ ಆ ಊರಿನವರು ಓಡಿದ್ದು ಹಿಂದೆ ಕಾಡುಹಂದಿ ನುಗ್ಗಿದಾಗ ಮಾತ್ರ.

"ಪೊಲೀಸಪ್ಪಾ, ಅವಳದೇನೂ ತಪ್ಪಿಲ್ಲ," ಎಂದಳು ಮಸಾನೊ, ಟ್ರಕ್ಕಿಗೂ ಅವನಿಗೂ ನಡುವೆ ನಿಂತು ಏದುಸಿರು ಬಿಡುತ್ತ. "ನಾವೇ ಬಾ ಬಾ ಅಂತ ಕರೀತಿರೋದು. ಹಿಡಿಯೋದಾದ್ರೆ ನನ್ನ ಹಿಡಿ. ನಂಗೆ ತೊಂಬತ್ತೊಂದು, ಜೈಲಲ್ಲಿಟ್ರೂ ನಿಂಗೇನು ಜಾಸ್ತಿ ಖರ್ಚಾಗಲ್ಲ."

"ಹಿಡಿಯೋದಾ? ಯಾಕಜ್ಜಿ?"

"ಹಬ್ಬ ಕಳೀಲಿ, ತಪಾಸಣೆ ಮಾಡಿಸ್ತಾಳೆ ಪಾಪ. ಗಂಡ ಹೋಗಿ ಇನ್ನೂ ವರ್ಷ ಆಗಿಲ್ಲ. ಬಾ, ಮೊದ್ಲು ಟೀ ಕುಡಿ," ಎಂದು ಹರುಎ ಅವನ ತೋಳು ಹಿಡಿದು ಎಳೆದಳು.

ಒಕಾಬಯಾಶಿ ಹೆಲ್ಮೆಟ್ಟು ತೆಗೆದು ತಲೆ ಕೆರೆದುಕೊಂಡ. "ಇವತ್ತು ಟೀ ಬೇಡಮ್ಮ, ದಮ್ಮಯ್ಯ. ಬುಧವಾರ ಈ ಕಡೆ ಗಸ್ತಿಗೆ ಬಂದ್ರೆ ಸಾಕು, ಒಬ್ಬರು ಕಳ್ಳ ಬಂದ ಅಂತ ಕರೀತೀರಿ, ಒಬ್ಬರು ಹಾವು ಅಂತ ಕರೀತೀರಿ. ಬಂದ್ರೆ ಕಳ್ಳನೂ ಇಲ್ಲ ಹಾವೂ ಇಲ್ಲ, ಮೂಲಂಗಿ ಉಪ್ಪಿನಕಾಯಿ. ತಿಂದು ತಿಂದು ನನಗೆ ರಕ್ತದೊತ್ತಡ ಬಂದಿದೆ. ಈ ಅಮ್ಮನ ಗಾಡಿಗೆ ತಪಾಸಣೆ ಆಗಿಲ್ಲ ಅಂತ ಯಾರು ಹೇಳಿದ್ರು?"

"ಗಾಜೇ ಹೇಳ್ತಿದೆಯಲ್ಲ," ಎಂದಳು ಮಸಾನೊ. ಅವಳ ಬೆರಳು ಗಾಜಿನ ನಡುವಿಗೆ ಹೋಯಿತು. ಏಳರ ಐದು.

ಪೊಲೀಸ ಅವಳ ಹೆಗಲು ಹಿಡಿದು ಎರಡು ಹೆಜ್ಜೆ ಪಕ್ಕಕ್ಕೆ ತಿರುಗಿಸಿದ. "ಅಲ್ಲಲ್ಲ ಅಜ್ಜಿ. ಇಲ್ಲಿ ನೋಡಿ, ಮೂಲೇಲಿ. ಒಂಬತ್ತರ ಐದು. ಇದರ ಜಾಗ ಬದಲಾಗಿದೆ. ನಾನು ಇವರಿಗೆ ಹೇಳ್ಬೇಕಿದ್ದದ್ದು ಇಷ್ಟೇ, ನಡುವಿನ ಹಳೇದನ್ನ ತೆಗೀರಿ, ನೋಡಿದೋರಿಗೆ ಗೊಂದಲ ಆಗತ್ತೆ ಅಂತ."

ನಾಲ್ಕು ಮುದುಕಿಯರೂ ಮೂಲೆಯನ್ನು ನೋಡಿದರು, ನಡುವನ್ನು ನೋಡಿದರು, ಮತ್ತೆ ಮೂಲೆಯನ್ನು ನೋಡಿದರು. ಲೈಸೆನ್ಸು ವಾಪಸು ಕೊಟ್ಟು ಕೂತವರಿಗೆ ಹೊಸ ನಿಯಮ ಹೇಳುವವರು ಯಾರು. ಒಂದು ಆಯುಷ್ಯವಿಡೀ ಗಾಜಿನ ನಡುವಿಗೆ ಹೋಗಿ ಅಭ್ಯಾಸವಾದ ಕಣ್ಣು ಅಲ್ಲಿಗೇ ಹೋಗಿತ್ತು.

"ನಡುವೆ ಇದ್ದದ್ದನ್ನ ಮೂಲೆಗೆ ಹಾಕ್ದೋರು ಯಾರು?" ಎಂದು ಮಸಾನೊ ಕೇಳಿದಳು.

"ಸರ್ಕಾರ."

"ಅವರಿಗೆ ಬೇರೆ ಕೆಲಸ ಇಲ್ವಾ?"

ಇಕುಯೊ ಸ್ಟಿಯರಿಂಗ್ ಹಿಡಿದೇ ಕೂತಿದ್ದಳು. ಸೌದೆ ಕೊಟ್ಟಿಗೆ, ಗೋಡೆಗೆ ತಿರುಗಿಸಿದ ಮೂತಿ, ಮಳೆಯಲ್ಲಿ ಬಿಸಿಲಿನ ನೆಪ, ಬೇಗ ಮುಗಿಯಲೆಂದು ಒಂದಕ್ಕಿಳಿದ ತೋಫು, ಕೋಲೂರಿಕೊಂಡು ಇಳಿದ ಮೊಣಕಾಲುಗಳು, ಟೀ, ಉಪ್ಪಿನಕಾಯಿ. ತನ್ನನ್ನು ಓಡಿಸುತ್ತಿದ್ದಾರೆ ಎಂದುಕೊಂಡಿದ್ದೆಲ್ಲ ತನ್ನನ್ನು ಬಚ್ಚಿಡುವ ಹುನ್ನಾರ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಇವರು ತಿಂಗಳುಗಟ್ಟಲೆ ಒಬ್ಬ ಪೊಲೀಸನನ್ನು ಮೂಲಂಗಿಯಿಂದ ಕಟ್ಟಿಹಾಕಿದ್ದರು. ಅವಳು ಇಳಿದು ಬಂದು ಏನೋ ಹೇಳಲು ಹೋದಳು, ಅಳು ಬಂತು.

"ಒಂದು ಮಾತು ಕೇಳಬಾರದಿತ್ತಾ ಅಜ್ಜಿ?"

"ಹೆಂಗೆ ಕೇಳೋದೇ? ಕೈಯಲ್ಲಿ ಕಾಸಿಲ್ವೇನೋ, ಕೇಳಿದ್ರೆ ನೊಂದ್ಕೋತಾಳೇನೋ ಅಂತ. ಹರುಎ ಹೇಳ್ತಾಳೆ ಅಂತ ನಾನು, ನಾನು ಹೇಳ್ತೀನಿ ಅಂತ ಹರುಎ." ಮಸಾನೊ ಮುಖ ತಿರುಗಿಸಿ ಗಾಜು ನೋಡಿದಳು. "ಮತ್ತೆ ಅದು ತೊಕುಜಿ ಅಂಟಿಸಿದ್ದು. ಸೊಟ್ಟ ನೋಡಿದ್ರೇ ಗೊತ್ತಾಗತ್ತೆ. ಅದನ್ನ ತೆಗಿ ಅಂತ ಯಾವ ಬಾಯಲ್ಲಿ ಹೇಳೋದು?"

"ನಾನು ನಿಮಗೆಲ್ಲ ಬೇಡವಾದೆ ಅಂದ್ಕೊಂಡೆ. ಹಬ್ಬ ಆದ್ಮೇಲೆ ಗಾಡಿ ಮಾರ್ತೀನಿ ಅಂತ ನಿಶಿಮೊರಿ ಅಣ್ಣಂಗೆ ಹೇಳಿಬಿಟ್ಟಿದೀನಿ."

"ಬೇಡವಾಗಿದ್ರೆ ಮುಖದ ಮೇಲೆ ಹೇಳ್ತಿದ್ದೆ. ನಂಗೇನು ದಾಕ್ಷಿಣ್ಯ?" ಎಂದಳು ತಿಂಗಳುಗಟ್ಟಲೆ ಬಾಯಿ ಬಿಡದಿದ್ದ ಮಸಾನೊ. ಮೌನ ಬಂಗಾರ ಎನ್ನುತ್ತಾರೆ. ಆ ಬಂಗಾರ ಕುತ್ತಿಗೆಗೆ ಉರುಳಾಗುವುದೊಂದು ಬಾಕಿಯಿತ್ತು. ಅವಳು ಹರುಎಯ ಕಡೆ ತಿರುಗಿ, "ಕೆಟಲಲ್ಲಿ ಬಿಸಿನೀರು ಇದೆಯಾ?" ಎಂದಳು.

"ಟೀ ಇದೆ."

"ಟೀನೇ ಸಾಕು."

ಹರುಎ ತನ್ನ ತಲೆಯ ಬಟ್ಟೆ ಬಿಚ್ಚಿ, ಬಿಸಿ ಟೀಯಲ್ಲಿ ನೆನೆಸಿ, ಹಿಂಡಿ ಕೊಟ್ಟಳು. ಇಕುಯೊ ಅದನ್ನು ಒಳಗಿನಿಂದ ಹಳೆಯ ಸ್ಟಿಕ್ಕರಿಗೆ ಒತ್ತಿ ಹಿಡಿದು ನಿಂತಳು. ಯಾರೂ ಅವಸರ ಮಾಡಲಿಲ್ಲ. ಬಾಗಿಲಿನ ಜೇಬಿನಿಂದ ಕೆರೆಯುವ ಪಟ್ಟಿ ತೆಗೆದು ಒಂದು ಮೂಲೆಯನ್ನು ಎಬ್ಬಿಸಿದಳು. ನಿಶಿಮೊರಿಯ ಕೈಯಾಗಿದ್ದರೆ ಒಂದೇ ಎಳೆತಕ್ಕೆ ಬರುತ್ತಿತ್ತು; ಅವಳು ಸ್ವಲ್ಪ ಸ್ವಲ್ಪವಾಗಿ ಬಿಡಿಸಿದಳು. ಸ್ಟಿಕ್ಕರು ಹರಿಯದೆ, ಗಾಳಿಗುಳ್ಳೆಯ ಸುಕ್ಕಿನ ಸಮೇತ ಇಡಿಯಾಗಿ ಬಂತು. ತಪಾಸಣೆ ಪುಸ್ತಕ ತೆಗೆದು, ತೊಕುಜಿ ಮಾಡಿಸಿದ ಕೊನೆಯ ತಪಾಸಣೆಯ ಪುಟದಲ್ಲಿ ಅದನ್ನು ಅಂಟಿಸಿದಳು. ಅಲ್ಲಿಯೂ ಸೊಟ್ಟಗೇ ಕೂತಿತು.

ಪೊಲೀಸ ಹೆಲ್ಮೆಟ್ಟನ್ನು ಎದೆಗೆ ಹಿಡಿದು ನಿಂತಿದ್ದ. ಮಸಾನೊ ಅಜ್ಜಿ ಇಕುಯೊಳ ಕೈಯಿಂದ ಕೆರೆಯುವ ಪಟ್ಟಿಯನ್ನು ತೆಗೆದುಕೊಂಡಳು, ಅದರ ಅಂಚನ್ನು ಬೆರಳಿನಿಂದ ಒರೆಸಿದಳು, ಮತ್ತೆ ಅವಳ ಕೈಯಲ್ಲೇ ಇಟ್ಟಳು.

"ಈಗ ಮೂಲೇದನ್ನೂ ಕೆರಿ."

"ಅದು ಹೊಸದು ಅಜ್ಜಿ. ಇನ್ನೂ ಅವಧಿ ಇದೆ."

"ಗಾಡಿಗಿದೆ. ನೀನು ಬರಲ್ಲ ಅಂತೀಯಲ್ಲ. ಆ ಚೀಟಿ ಗಾಡಿ ಮಾತು ಮಾತ್ರ ಅಲ್ಲ ಕಣೇ, ನಮ್ಮೂರಲ್ಲಿ ಅದು ಓಡಿಸೋರ ಮಾತು. ಏಳರ ಐದರ ತನಕ ಬರ್ತೀನಿ ಅಂದ ನಿನ್ನ ಗಂಡ, ಆರರಲ್ಲೇ ಹೊರಟ. ಅವನ ಸುಳ್ಳನ್ನ ಇಷ್ಟು ದಿನ ಗಾಜಿನ ಮೇಲೆ ನೋಡ್ಕೊಂಡೇ ತೋಫು ತಿಂದ್ವಿ. ಇನ್ನೊಂದು ಸುಳ್ಳು ನೋಡೋಕೆ ನಮಗಾಗಲ್ಲ. ಬರಲ್ಲ ಅಂದ್ರೆ ಕೆರೆದು ಹೋಗು."

ಇಕುಯೊ ಮೂಲೆಯ ಸ್ಟಿಕ್ಕರನ್ನು ನೋಡಿದಳು. ನೆಟ್ಟಗಿತ್ತು, ಗುಳ್ಳೆಯಿರಲಿಲ್ಲ, ತಾನೇ ಅಂಟಿಸಿದ್ದು. ದಿನಾ ಕಣ್ಣೆದುರು ಇದ್ದರೂ ಅದು ತನ್ನದು ಎಂದು ಅವಳಿಗೆ ಅಲ್ಲಿಯವರೆಗೆ ಅನ್ನಿಸಿರಲಿಲ್ಲ. ಕೆರೆಯುವ ಪಟ್ಟಿಯನ್ನು ಏಪ್ರನ್ನಿನ ಜೇಬಿಗೆ ಹಾಕಿ, ಟ್ರಕ್ಕಿನ ಪಕ್ಕಕ್ಕೆ ಹೋಗಿ, ನಡುದಾರಿಯಲ್ಲೇ, ಬಾಗಿಲನ್ನು ಮೇಲಕ್ಕೆತ್ತಿದಳು.

"ತೋಫು ಎಷ್ಟು ಕೊಡ್ಲಿ?"

"ಮೊದ್ಲು ನಿನ್ನ ಚೀಟಿ ತೋರ್ಸು," ಎಂದಳು ಮಸಾನೊ.

"ಯಾವ ಚೀಟಿ?"

"ಆಸ್ಪತ್ರೇದು. ನಿನ್ನ ಎಂಜಿನ್ನು ಯಾರು ನೋಡಿದಾರೆ?"

ಇಕುಯೊ ತಲೆ ತಗ್ಗಿಸಿದಳು. ತಪಾಸಣೆಗೆ ಬನ್ನಿ ಎಂದು ಊರಿನವರು ಕಳಿಸಿದ ಅವಳ ಚೀಟಿಯೂ ಮನೆಯ ಡ್ರಾಯರಿನಲ್ಲಿ, ಗಂಡನ ಚೀಟಿಯ ಪಕ್ಕದಲ್ಲೇ, ತೆರೆಯದ ಲಕೋಟೆಯಲ್ಲಿ ಬಿದ್ದಿತ್ತು.

"ಹಬ್ಬ ಕಳೆದ ಮಾರನೇ ದಿನ ಹೋಗ್ತೀನಿ ಅಜ್ಜಿ."

"ಆಮೇಲಿನ ಬುಧವಾರ ತಂದು ತೋರಿಸ್ಬೇಕು." ಮಸಾನೊ ಮತ್ತೊಮ್ಮೆ ಗಾಜಿನ ಮೂಲೆಗೆ ಕತ್ತು ಚಾಚಿ, ಬೆರಳು ಮಡಿಸಿ ಲೆಕ್ಕ ಹಾಕಿದಳು. "ಒಂಬತ್ತರ ಐದಕ್ಕೆ ನಂಗೆ ತೊಂಬತ್ಮೂರು ಆಗತ್ತೆ. ಅವತ್ತು ಹೊಸದು ಅಂಟಿಸಿದೀಯೋ ಇಲ್ವೋ ನೋಡೋರು ಯಾರಾದ್ರೂ ಬೇಕಲ್ಲ. ಸರಿ, ಇರ್ತೀನಿ. ಎರಡು ತೋಫು ಕೊಡು."